ಹನಿಮೂನ್‌ಗೆ ನ್ಯೂಜಿಲೆಂಡ್, ಕಾರು ನಾವೇ ಓಡಿಸಿಕೊಂಡು: 10 ರಾತ್ರಿಗೆ 2,900 ಕಿ.ಮೀ. ಜಾಸ್ತಿ ಆಯ್ತಾ?

ಮಲ್ನಾಡ್_ಮಾಣಿ:
ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಮದುವೆ, ತೀರ್ಥಹಳ್ಳಿಯಲ್ಲಿ. ನೆಂಟರ ಮನೆ ಊಟಗಳನ್ನೆಲ್ಲ ಮುಗಿಸಿ ಏಪ್ರಿಲ್‌ನಲ್ಲಿ ನ್ಯೂಜಿಲೆಂಡ್‌ಗೆ ಹೋಗುವ ಅಂದುಕೊಂಡಿದ್ದೇವೆ. ಪ್ಯಾಕೇಜ್ ಬೇಡ. ಬೆಳಿಗ್ಗೆ ಏಳಕ್ಕೆ ಲಾಬಿಗೆ ಬನ್ನಿ ಎಂದು ಕೂಗುವ ಗೈಡ್ ಜೊತೆ ಹನಿಮೂನ್ ಯಾಕೆ? ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸುತ್ತೇನೆ. ಅಲ್ಲೂ ನಮ್ಮ ಹಾಗೇ ಎಡಗಡೆ ಡ್ರೈವಿಂಗ್, ಅದೇ ದೊಡ್ಡ ಧೈರ್ಯ.

ರೂಟ್ ಹೀಗಿದೆ: ಆಕ್ಲೆಂಡ್, ರೋಟೊರುವಾ, ವೆಲ್ಲಿಂಗ್ಟನ್, ಫೆರಿ ಹಿಡಿದು ಪಿಕ್ಟನ್, ಕೈಕೌರಾ, ಕ್ರೈಸ್ಟ್‌ಚರ್ಚ್, ಟೆಕಾಪೊ, ಮೌಂಟ್ ಕುಕ್, ಕ್ವೀನ್ಸ್‌ಟೌನ್, ಒಂದೇ ದಿನದಲ್ಲಿ ಮಿಲ್ಫರ್ಡ್ ಸೌಂಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ಹೋಗಿ ವಾಪಸ್, ವನಾಕಾ, ಫ್ರಾಂಜ್ ಜೋಸೆಫ್, ಮತ್ತೆ ಕ್ರೈಸ್ಟ್‌ಚರ್ಚ್. ಕೂಡಿಸಿದರೆ 2,900 ಕಿ.ಮೀ. ಹತ್ತಿರ ಬರುತ್ತದೆ. ಬೆಂಗಳೂರಿನಿಂದ ಊರಿಗೆ 350 ಕಿ.ಮೀ. ಒಂದೇ ಏಟಿಗೆ ಓಡಿಸಿ ಅಭ್ಯಾಸ ಇದೆ. ಹುಡುಗಿಗೆ ದೇಶ ಗೊತ್ತು, ರೂಟ್ ಸರ್‌ಪ್ರೈಸ್. ಏನಾದರೂ ಬಿಟ್ಟು ಹೋಗಿದೆಯಾ ಹೇಳಿ.

ಸುಮ್ನೆ_ಬಂದೆ:
ಬಿಟ್ಟು ಹೋಗಿರುವುದು ಹನಿಮೂನ್ ಒಂದೇ ಗುರು. ಮಿಕ್ಕಿದ್ದೆಲ್ಲ ಇದೆ.

ಕಿವಿಹಣ್ಣು:
ಒಂಬತ್ತು ವರ್ಷದಿಂದ ಕ್ರೈಸ್ಟ್‌ಚರ್ಚ್‌ನಲ್ಲಿದ್ದೇನೆ, ಊರು ಮಂಡ್ಯ. ಪ್ರತಿ ವರ್ಷ ಊರಿಂದ ಯಾರಾದರೂ ಇದೇ ರೂಟ್ ಹಿಡಿದುಕೊಂಡು ಬರುತ್ತಾರೆ, ಆರನೇ ದಿನ ನಮ್ಮ ಮನೆ ಸೋಫಾ ಮೇಲೆ ಬೂಟು ಬಿಚ್ಚದೆ ಮಲಗಿರುತ್ತಾರೆ.

ಉತ್ತರ ದ್ವೀಪ, ಅಂದರೆ ಆಕ್ಲೆಂಡ್‌ನಿಂದ ವೆಲ್ಲಿಂಗ್ಟನ್‌ವರೆಗಿನದು, ಪೂರ್ತಿ ಕೈಬಿಡಿ. ಯೋಚನೆಯೇ ಬೇಡ. ವೆಲ್ಲಿಂಗ್ಟನ್‌ನಿಂದ ಪಿಕ್ಟನ್‌ಗೆ ಹಡಗಿನಲ್ಲೇ ಮೂರೂವರೆ ಗಂಟೆ, ಮುಂಚೆ ಹೋಗಿ ಕ್ಯೂ ನಿಲ್ಲುವುದು ಬೇರೆ, ಸಮುದ್ರ ಎದ್ದಿದ್ದರೆ ಹೊಟ್ಟೆಯದು ಇನ್ನೊಂದು ಕಥೆ. ಎಲ್ಲ ಬಾಡಿಗೆ ಕಂಪನಿಗಳೂ ಕಾರನ್ನು ಹಡಗಿಗೆ ಹತ್ತಿಸಲು ಬಿಡುವುದಿಲ್ಲ, ಕೆಲವರು ಈಚೆ ದಡದಲ್ಲಿ ಬಿಟ್ಟು ಆಚೆ ದಡದಲ್ಲಿ ಬೇರೆ ಕಾರು ತೆಗೆದುಕೊಳ್ಳಿ ಅನ್ನುತ್ತಾರೆ.

ಇನ್ನು ಈ 2,900. ಊರಿಗೆ ಹೋಗುವ ಹೈವೇ ಲೆಕ್ಕ ಇಲ್ಲಿ ಹಾಕಬೇಡಿ. ಇಲ್ಲಿ ಹೆದ್ದಾರಿ ಅಂದರೆ ಬಹುತೇಕ ಕಡೆ ಹೋಗಲು ಒಂದು ಲೇನ್, ಬರಲು ಒಂದು ಲೇನ್, ಮಧ್ಯೆ ಡಿವೈಡರ್ ಇಲ್ಲ. ಮಿತಿ 100 ಎಂದು ಬೋರ್ಡ್ ಇರುತ್ತದೆ, ತಿರುವಿನಲ್ಲಿ ಹಳದಿ ಬೋರ್ಡ್ 35 ಅನ್ನುತ್ತದೆ, ಎರಡೂ ಸರಿಯೇ. ಮ್ಯಾಪ್ ನಾಲ್ಕು ಗಂಟೆ ಅಂದರೆ ಐದೂವರೆ ಇಟ್ಟುಕೊಳ್ಳಿ. ಯಾಕೆಂದರೆ ಅರ್ಧ ಗಂಟೆಗೊಮ್ಮೆ ನೀವೇ ಕಾರು ನಿಲ್ಲಿಸುತ್ತೀರಿ. ನಿಲ್ಲಿಸಲಿಕ್ಕೇ ಅಲ್ವಾ ಬರುತ್ತಿರುವುದು.

ಬೆಣ್ಣೆದೋಸೆ:
ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು, ಮದುವೆಯಾಗಿ ಮೂರನೇ ವಾರ. ಕಿವಿಹಣ್ಣು ಅವರು ಹೇಳಿದ್ದು ಅಕ್ಷರಶಃ ನಿಜ. ಕ್ವೀನ್ಸ್‌ಟೌನ್‌ನಿಂದ ಮಿಲ್ಫರ್ಡ್‌ಗೆ ಒಂದೇ ದಿನದಲ್ಲಿ ಹೋಗಿ ಬರುವ ಪೆದ್ದು ಕೆಲಸ ನಾವೂ ಮಾಡಿದೆವು. ಹೋಗಲು 290 ಕಿ.ಮೀ., ಬರಲು ಅಷ್ಟೇ. ಮಧ್ಯೆ ಎರಡು ಗಂಟೆ ಬೋಟು. ವಾಪಸ್ ಬರುವಾಗ ಕತ್ತಲು, ಮಳೆ, ಮಾತಿಲ್ಲ. ನಮ್ಮ ಮದುವೆಯ ಮೊದಲ ಜಗಳ ಆ ರಸ್ತೆಯಲ್ಲೇ, ವಿಷಯ ಏನೆಂದರೆ ಚಿಪ್ಸ್ ಪ್ಯಾಕೆಟ್ ಸದ್ದು.

ಟೆ ಅನಾವ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಅಲ್ಲಿಂದ ಮಿಲ್ಫರ್ಡ್ 118 ಕಿ.ಮೀ. ಬೇಗ ಹೊರಟರೆ ಕ್ವೀನ್ಸ್‌ಟೌನ್‌ನ ಟೂರ್ ಬಸ್ಸುಗಳು ಬರುವ ಮುಂಚೆ ಬೆಳಗಿನ ಬೋಟು ಸಿಗುತ್ತದೆ. ಟ್ಯಾಂಕ್ ಟೆ ಅನಾವ್‌ನಲ್ಲೇ ತುಂಬಿಸಿಕೊಳ್ಳಿ, ದಾರಿಯಲ್ಲಿ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಮಳೆ ಬಂದರೆ ಬೇಜಾರಾಗಬೇಡಿ. ಅಲ್ಲಿ ವರ್ಷಕ್ಕೆ 6 ಮೀಟರ್‌ಗಿಂತ ಜಾಸ್ತಿ ಮಳೆ, ಹೆಚ್ಚುಕಮ್ಮಿ ನಿಮ್ಮ ಆಗುಂಬೆ ಲೆಕ್ಕವೇ. ಬಿಸಿಲಿದ್ದರೆ ಎರಡು ಜಲಪಾತ, ಮಳೆಯಿದ್ದರೆ ಬಂಡೆಯ ಮೈಯೆಲ್ಲ ಜಲಪಾತ. ಸ್ಯಾಂಡ್‌ಫ್ಲೈ ಅಂತ ಒಂದು ಸಣ್ಣ ನೊಣ ಇದೆ, ಕಚ್ಚಿದರೆ ವಾರ ಕೆರೆಯಬೇಕು. ಉದ್ದ ಪ್ಯಾಂಟು, ಮುಲಾಮು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್:
ಅಲ್ರೀ, ಕಾರು ಮತ್ತ ಹೋಟೆಲು ಎರಡಕ್ಕೂ ದುಡ್ಡು ಯಾಕ? ಕ್ಯಾಂಪರ್‌ವ್ಯಾನ್ ತಗೊಂಡ್ರ ಆತಲ್ಲ. ಅದರಾಗ ಮಲಗೋದು, ಅದರಾಗ ಅಡಿಗಿ. ಫೋಟೋದಾಗ ಭಾಳ ಚಂದ ಕಾಣ್ತದ.

ಬೆಣ್ಣೆದೋಸೆ:
ಫೋಟೋದಲ್ಲಿ ಟಾಯ್ಲೆಟ್ ಡಬ್ಬ ಕಾಣುವುದಿಲ್ಲ ಅಣ್ಣ. ಎರಡು ದಿನಕ್ಕೊಮ್ಮೆ ಅದನ್ನು ಎಳೆದುಕೊಂಡು ಹೋಗಿ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಬೇಕು. ಹೊಸ ಹೆಂಡತಿ ಎದುರು ಆ ಕೆಲಸ ಮಾಡಲು ಮಾಣಿ ಅವರು ತಯಾರಿದ್ದರೆ ನನ್ನ ಅಭ್ಯಂತರ ಇಲ್ಲ.

ಕಿವಿಹಣ್ಣು:
ಹಹಹ. ಅಷ್ಟೇ ಅಲ್ಲ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮಲಗುವ ಹಾಗೂ ಇಲ್ಲ. ಸೆಲ್ಫ್ ಕಂಟೇನ್ಡ್ (ಟಾಯ್ಲೆಟ್, ನೀರು ಎಲ್ಲ ಒಳಗೇ ಇದೆ ಎಂಬ) ಪ್ರಮಾಣಪತ್ರ ಇರುವ ವ್ಯಾನ್‌ಗೆ ಮಾತ್ರ ಬಹಳಷ್ಟು ಜಾಗ, ಅದಕ್ಕೂ ಊರೂರಿಗೆ ಬೇರೆ ನಿಯಮ, ತಪ್ಪಿದರೆ ದಂಡ ನೂರಾರು ಡಾಲರ್. ಏಪ್ರಿಲ್ ರಾತ್ರಿ ಟೆಕಾಪೊ ಕಡೆ ಚಳಿ ಚೆನ್ನಾಗೇ ಇರುತ್ತದೆ. ಡೀಸೆಲ್ ವ್ಯಾನ್ ಆದರೆ ರಸ್ತೆ ಸುಂಕ ಬೇರೆ, 1,000 ಕಿ.ಮೀ.ಗೆ 76 ಡಾಲರ್ ಲೆಕ್ಕ, ಅದನ್ನು ಬಾಡಿಗೆಯವರು ನಿಮ್ಮ ಬಿಲ್ಲಿಗೆ ಸೇರಿಸುತ್ತಾರೆ. ಮದುವೆಯಾಗಿ ಐದು ವರ್ಷ ಆದವರಿಗೆ ವ್ಯಾನ್ ಒಳ್ಳೆಯದು. ನಿಮಗೆ ಪೆಟ್ರೋಲ್ ಕಾರು, ಅಡುಗೆಮನೆ ಇರುವ ಮೋಟೆಲ್ ರೂಮು. ಸಾಕು.

ಮಲ್ನಾಡ್_ಮಾಣಿ:
ಸರಿ, ವ್ಯಾನ್ ಇಲ್ಲ. ಉತ್ತರ ದ್ವೀಪ ಬಿಡುವುದಕ್ಕೆ ಹೊಟ್ಟೆ ಉರಿಯುತ್ತಿದೆ, ಆದರೂ ಬಿಟ್ಟೆ. ಫ್ರಾಂಜ್ ಜೋಸೆಫ್ ಹಿಮನದಿ ಆದರೂ ಇಟ್ಟುಕೊಳ್ಳಲಾ? ಮತ್ತೆ ಲೈಸೆನ್ಸ್ ವಿಷಯ ಹೇಳಿ. ಡಿಜಿಲಾಕರ್‌ನಲ್ಲಿ ಇದೆ, ಸಾಕಲ್ವಾ?

ಕ್ಲಚ್_ಕಾಲು:
ಡಿಜಿಲಾಕರ್ ಸಾಲದು. ಕಾರ್ಡ್ ಕೈಯಲ್ಲಿರಬೇಕು, ಓಡಿಸುವಾಗ ಜೊತೆಗಿರಲೇಬೇಕು ಎಂದು ಅಲ್ಲಿ ಕಾನೂನಿದೆ. ಕಾರ್ಡ್ ಇಂಗ್ಲಿಷ್‌ನಲ್ಲಿದ್ದರೆ ಕಾನೂನಿಗೆ ಅಷ್ಟೇ ಸಾಕು, ಆದರೂ ಐಡಿಪಿ (ವಿದೇಶದಲ್ಲಿ ಓಡಿಸಲು ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸಿಕೊಳ್ಳಿ. ಕೌಂಟರ್‌ನಲ್ಲಿ ನಿಂತವನು ಕೇಳಿದರೆ ವಾದ ಮಾಡುವುದಕ್ಕಿಂತ ತೆಗೆದು ಕೊಡುವುದು ಸುಲಭ. ಪರಿವಾಹನ್ ಸೈಟಿನಲ್ಲಿ ಅರ್ಜಿ, ಶುಲ್ಕ 1,000 ರೂಪಾಯಿ, ಒಂದು ವರ್ಷ ಚಾಲ್ತಿ. ಪಾಸ್‌ಪೋರ್ಟ್, ವೀಸಾ ಪ್ರತಿಗಳು ಬೇಕು, ಅದಕ್ಕೆ ವೀಸಾ ಬಂದ ಮೇಲೆ ಆರ್‌ಟಿಓ ಕಡೆ ಹೋಗಿ.

ಈಗ ನನ್ನ ಮರ್ಯಾದೆ ಹೋದ ಕಥೆ ಕೇಳಿ. ಇಳಿದ ಕೂಡಲೇ ಕೌಂಟರ್‌ಗೆ ಹೋದೆ. ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೊಟ್ಟೆ. ಡಿಕ್ಲೈನ್. ಇನ್ನೊಮ್ಮೆ. ಡಿಕ್ಲೈನ್. ಹಿಂದೆ ಒಂದು ಚೀನೀ ಕುಟುಂಬ, ಅವರ ಹಿಂದೆ ಇನ್ನೂ ಇಬ್ಬರು. ಕಾರ್ಡಿನಲ್ಲಿ ದುಡ್ಡಿದೆ, ಆದರೆ ವಿದೇಶಿ ವಹಿವಾಟು ಆನ್ ಮಾಡಿರಲಿಲ್ಲ. ಆ್ಯಪ್ ತೆರೆದು ಆನ್ ಮಾಡೋಣ ಅಂದರೆ ಒಟಿಪಿ ಬೆಂಗಳೂರಿನ ಸಿಮ್‌ಗೆ, ಆ ಸಿಮ್‌ಗೆ ರೋಮಿಂಗ್ ಹಾಕಿಸಿಲ್ಲ. ಹೆಂಡತಿ ಅವಳ ಕಾರ್ಡ್ ಕೊಟ್ಟಳು, ತಕ್ಷಣ ಹೋಯಿತು, ಆದರೆ ಕಾರ್ಡ್ ಮುಖ್ಯ ಡ್ರೈವರ್ ಹೆಸರಲ್ಲೇ ಇರಬೇಕಂತೆ. ಹಾಗಾಗಿ ಕಾಗದದಲ್ಲಿ ಮುಖ್ಯ ಡ್ರೈವರ್ ಅವಳು, ನಾನು ಎಕ್ಸ್‌ಟ್ರಾ. ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಅವಳು ಇದನ್ನೇ ಹೇಳುವುದು.

ಇನ್ನೊಂದು. ಅಲ್ಲಿ ಬಾಡಿಗೆ ಕಾರುಗಳು ಹೆಚ್ಚಾಗಿ ಆಟೋಮ್ಯಾಟಿಕ್. ನಾನು ಹುಟ್ಟಿದಾಗಿನಿಂದ ಗೇರ್ ಕಾರು. ಪಾರ್ಕಿಂಗ್‌ನಿಂದ ಹೊರಡುವಾಗಲೇ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕ್ ತುಳಿಯಿತು. ಡ್ಯಾಶ್‌ಬೋರ್ಡ್ ಮೇಲಿದ್ದ ಕಾಫಿ ಗಾಜಿಗೆ ಅಭಿಷೇಕ. ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಎರಡು ದಿನ ಓಡಿಸಿದೆ. ಹೆಸರು ಹೀಗೆ ಬಂತು.

ಕಿವಿಹಣ್ಣು:
ಫ್ರಾಂಜ್ ಜೋಸೆಫ್ ಬೇಡ. ವನಾಕಾದಿಂದ 285 ಕಿ.ಮೀ., ಹಾಸ್ಟ್ ಪಾಸ್ ದಾಟಿ ಹೋಗಬೇಕು, ಜೋರು ಮಳೆ ಬಂದರೆ ಆ ರಸ್ತೆ ಮುಚ್ಚುವುದೂ ಉಂಟು. ಮುಚ್ಚಿದರೆ ಸುತ್ತು ಹಾಕಲು ಪಕ್ಕದ ರಸ್ತೆ ಅಂತ ಒಂದಿಲ್ಲ.

ಓಡಿಸುವ ಬಗ್ಗೆ ಎರಡು ಮಾತು. ಎಡಗಡೆ ಓಡಿಸುತ್ತಾರೆ, ಆದ್ದರಿಂದ ನಮ್ಮ ಹಾಗೇ ಅಂದುಕೊಂಡು ಬರುವುದೇ ಅಪಾಯ. ಸರ್ಕಲ್‌ನಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು, ಮೂತಿ ತೂರಿಸಿದವನಿಗಲ್ಲ. ಹೈಬೀಮ್ ಹೊಡೆದು ನಾನು ಬರ್ತಿದೀನಿ ಅಂತ ಹೇಳುವ ನಮ್ಮ ಪದ್ಧತಿ ಇಲ್ಲಿ ಇಲ್ಲ. ನೀವು ಹೊಡೆದರೆ ಎದುರಿನವನು ನೀನೇ ಹೋಗು ಎಂದಿದ್ದೀರಿ ಅಂದುಕೊಂಡು ಬಂದೇ ಬಿಡುತ್ತಾನೆ. ಹಾರ್ನ್ ಮುಟ್ಟಬೇಡಿ. ತಿರುವಿನಲ್ಲೂ.

ದಕ್ಷಿಣ ದ್ವೀಪದಲ್ಲಿ ಒಂದೇ ಗಾಡಿ ಹೋಗುವ ಸೇತುವೆಗಳು ತುಂಬಾ ಸಿಗುತ್ತವೆ, ಹೆದ್ದಾರಿಯಲ್ಲೇ. ಬೋರ್ಡಿನಲ್ಲಿ ಎರಡು ಬಾಣ ಇರುತ್ತದೆ. ನಿಮ್ಮ ಬಾಣ ಚಿಕ್ಕದು, ಕೆಂಪು ಇದ್ದರೆ ನೀವು ನಿಲ್ಲಬೇಕು. ನಿಮ್ಮದು ದೊಡ್ಡ ಬಿಳಿ ಬಾಣ, ನೀಲಿ ಬೋರ್ಡ್ ಇದ್ದರೆ ನಿಮಗೆ ಮೊದಲು. ಹಾಗಿದ್ದರೂ ಆಚೆ ನೋಡಿಯೇ ಇಳಿಯಿರಿ. ಹಿಂದೆ ನಾಲ್ಕು ಕಾರು ಸೇರಿಕೊಂಡರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ, ಊರಿನವರು ಹಾಲಿಗೆ, ಶಾಲೆಗೆ ಹೋಗುತ್ತಿರುತ್ತಾರೆ, ಅವರದು ಹನಿಮೂನ್ ಅಲ್ಲ.

ಮಿಲ್ಫರ್ಡ್ ದಾರಿಯಲ್ಲಿ ಹೋಮರ್ ಸುರಂಗ ಬರುತ್ತದೆ, 1.2 ಕಿ.ಮೀ., 1954ರಲ್ಲಿ ತೆರೆದದ್ದು. ಒಳಗೆ ಒರಟು ಬಂಡೆ, ನೀರು ತೊಟ್ಟಿಕ್ಕುತ್ತಿರುತ್ತದೆ, ಮಿಲ್ಫರ್ಡ್ ಕಡೆಗೆ ಇಳಿಜಾರು. ಸಿಗ್ನಲ್‌ಗೆ ಕಾಯುವ ಜಾಗದಲ್ಲಿ ಕೆಯಾ ಅನ್ನುವ ಗಿಳಿ ಬರುತ್ತದೆ. ಹಸಿರು ಮೈ, ಕೊಕ್ಕೆಯಂಥ ಕೊಕ್ಕು, ಪುಟ್ಟ ರೌಡಿ. ಹೋದ ವರ್ಷ ನನ್ನ ಬಾನೆಟ್ ಮೇಲೆ ಒಂದು ಕೂತು, ನನ್ನ ಕಣ್ಣನ್ನೇ ನೋಡುತ್ತಾ, ವೈಪರ್‌ನ ರಬ್ಬರನ್ನು ಶ್ಯಾವಿಗೆ ಎಳೆದ ಹಾಗೆ ಎಳೆದು ಹಾಕಿತು. ಸಿಗ್ನಲ್ ಹಸಿರಾಯಿತು, ಅದು ಏಳಲಿಲ್ಲ. ತಿಂಡಿ ಮಾತ್ರ ಹಾಕಬೇಡಿ, ಅದರ ಆರೋಗ್ಯಕ್ಕೇ ಕೆಟ್ಟದ್ದು.

ಬೆಣ್ಣೆದೋಸೆ:
ವೈಪರ್ ಅಂದಾಗ ನೆನಪಾಯಿತು. ಇನ್ಶೂರೆನ್ಸ್ ಪೂರ್ತಿ ಓದಿ. ನಾವು ಕಮ್ಮಿ ಬೆಲೆ ಎಂದು ಒಂದು ಕಂಪನಿಯಲ್ಲಿ ತೆಗೆದುಕೊಂಡೆವು, ಹೆಸರು ಬೇಡ ಬಿಡಿ. ಗಾಜು ಮತ್ತು ಟೈರು ಅವರ ಇನ್ಶೂರೆನ್ಸ್‌ನಲ್ಲಿ ಇರಲೇ ಇಲ್ಲ. ಎದುರಿನ ಲಾರಿಯಿಂದ ಒಂದು ಕಲ್ಲು ಹಾರಿ ಗಾಜಿಗೆ ಬಡಿಯಿತು, ಅಕ್ಕಿಕಾಳಿನಷ್ಟು ಗುರುತು. ಮನೆಗೆ ಬಂದು ಹತ್ತು ದಿನವಾದ ಮೇಲೆ ಕಾರ್ಡಿನಿಂದ ದುಡ್ಡು ಹೋಯಿತು. ತೆಗೆದುಕೊಳ್ಳುವಾಗ, ಬಿಡುವಾಗ ಎರಡೂ ಸಲ ಸುತ್ತ ವಿಡಿಯೋ ಮಾಡಿಕೊಳ್ಳಿ, ಗಾಜಿನ ಹತ್ತಿರ ನಿಧಾನ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್:
ಊಟದ್ದು ಹೇಳ್ರಿ ಯಾರರ. ನಮ್ಮವ್ವ ಶೇಂಗಾ ಚಟ್ನಿ ಇಲ್ದ ಊರು ದಾಟಾಕ ಬಿಡಂಗಿಲ್ಲ.

ಕಿವಿಹಣ್ಣು:
ಚಟ್ನಿಪುಡಿ ತರಬಹುದು, ಆದರೆ ಬರೆದು ತೋರಿಸಬೇಕು. ತಿನ್ನುವ ವಸ್ತು ಏನೇ ಇದ್ದರೂ ಇಳಿಯುವ ಮುಂಚೆ ತುಂಬುವ ಫಾರಂನಲ್ಲಿ 'ಇದೆ' ಎಂದು ಹಾಕಿ. ಹಾಕಿ ತೋರಿಸಿದರೆ ಹೆಚ್ಚೆಂದರೆ ಕಿತ್ತುಕೊಂಡು ಬಿಸಾಡುತ್ತಾರೆ. ಹಾಕದೆ ಸಿಕ್ಕರೆ ಅಲ್ಲೇ 400 ಡಾಲರ್ ದಂಡ, ಬ್ಯಾಗಿನಲ್ಲಿ ಮರೆತ ಒಂದು ಬಾಳೆಹಣ್ಣಿಗೂ. ಜೇನುತುಪ್ಪ ತರಲೇಬೇಡಿ. ಧಾರವಾಡ ಪೇಡ, ತುಪ್ಪದ ಮೈಸೂರುಪಾಕು ಎಲ್ಲ ಮನೆಯಲ್ಲೇ ತಿಂದು ಬನ್ನಿ. ಕೆಸರು ಮೆತ್ತಿದ ಶೂ ಇದ್ದರೆ ತೊಳೆದು ತನ್ನಿ, ತೋಟದಲ್ಲಿ ಓಡಾಡಿದ ಶೂ ಅಂತೂ ಖಂಡಿತ ಕೇಳುತ್ತಾರೆ.

ಅಕ್ಕಿ, ಬೇಳೆ, ಮೊಸರು ಎಲ್ಲ ಇಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಮೋಟೆಲ್‌ನಲ್ಲಿ ಒಲೆ ಇದ್ದರೆ ಚಿತ್ರಾನ್ನಕ್ಕೆ ತೊಂದರೆಯಿಲ್ಲ. ಪ್ಲಗ್ ಬೇರೆ ಥರ, ಓರೆ ಪಿನ್ನಿನದು, ಅಡಾಪ್ಟರ್ ಬೇಕು.

ತುಂಗೆದಡ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಇದೇ ಮೊದಲ ಸಲ ಬರೆಯುತ್ತಿರುವುದು. ತೀರ್ಥಹಳ್ಳಿ, ಮಾರ್ಚ್, ನ್ಯೂಜಿಲೆಂಡ್. ಈ ಮೂರೂ ಕೂಡಿ ಬರುವ ಮದುವೆ ಎಷ್ಟಿದೆ ಹೇಳಿ. ಆ 2,900 ಕಿ.ಮೀ. ಪಕ್ಕದ ಸೀಟಿನಲ್ಲಿ ಕೂರಬೇಕಾಗಿದ್ದವಳು ನಾನು.

ಮಾಣಿ ಅವರೇ, ನನಗೆ ಪಕ್ಕದಲ್ಲಿ ಕೂತರೆ ಆಗುಂಬೆ ಘಾಟಿಯ ನಾಲ್ಕನೇ ತಿರುವಿಗೇ ಹೊಟ್ಟೆ ತೊಳೆಸುತ್ತದೆ. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಬೆಳಗಿನ ಕಡುಬು ಹೊರಗೆ. ಸ್ಟೇರಿಂಗ್ ನನ್ನ ಕೈಯಲ್ಲಿದ್ದರೆ ಏನೂ ಆಗುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಅಪ್ಪನ ಪಿಕಪ್‌ನಲ್ಲಿ ತೋಟದ ಗೊಬ್ಬರ ಹೊಡೆದವಳು ನಾನು. ನೀವು ಓಡಿಸುವುದು ರಿಂಗ್ ರೋಡಿನಲ್ಲಿ, ಆಟೋಮ್ಯಾಟಿಕ್.

ಸುಮ್ನೆ_ಬಂದೆ:
ಪಾಪ್‌ಕಾರ್ನ್ ತಂದೆ. ಯಾರೂ ಏಳಬೇಡಿ.

ಮಲ್ನಾಡ್_ಮಾಣಿ:
ಅಯ್ಯೋ. ಹೊಟ್ಟೆ ತೊಳೆಸುವ ವಿಷಯ ಯಾಕೆ ಹೇಳಲಿಲ್ಲ? ನಿಶ್ಚಿತಾರ್ಥದ ದಿನ ಕಾರಿನಲ್ಲಿ ಮಾತೇ ಆಡದೆ ಕೂತಿದ್ದು ನಾಚಿಕೆಗೆ ಅಂದುಕೊಂಡಿದ್ದೆ.

ತುಂಗೆದಡ:
ವಾಂತಿ ತಡೆದುಕೊಂಡಿದ್ದೆ.

ಕ್ಲಚ್_ಕಾಲು:
ಇದು ತಮಾಷೆ ಅಲ್ಲ, ಪ್ಲಾನ್‌ನ ಮುಖ್ಯ ವಿಷಯವೇ ಇದು. ಓಡಿಸುವವರಿಗೆ ಸಾಮಾನ್ಯವಾಗಿ ತಲೆ ಸುತ್ತುವುದಿಲ್ಲ, ಮುಂದಿನ ತಿರುವು ಅವರ ಮೈಗೆ ಮೊದಲೇ ಗೊತ್ತಿರುತ್ತದೆ. ಅಕ್ಕ ಘಾಟಿ ಓಡಿಸಲಿ, ಮಾಣಿ ನೆಟ್ಟಗಿರುವ ರಸ್ತೆ ಓಡಿಸಲಿ. ಇಬ್ಬರ ಹೆಸರೂ ಒಪ್ಪಂದದಲ್ಲಿ ಬರೆಸಿ. ಬರೆಸದೆ ಇನ್ನೊಬ್ಬರು ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಸಿಗುವುದಿಲ್ಲ. ಐಡಿಪಿಯೂ ಎರಡು.

ಕಿವಿಹಣ್ಣು:
ಹಾಗಾದರೆ ನಾನು ಹೊಸದಾಗಿ ಬರೆಯುತ್ತೇನೆ, ನೋಡಿ. ಸಿಂಗಪುರ ದಾರಿಯಾಗಿ ನೇರ ಕ್ರೈಸ್ಟ್‌ಚರ್ಚ್‌ಗೆ ಬನ್ನಿ. ಆಸ್ಟ್ರೇಲಿಯಾ ದಾರಿ ಹಿಡಿದರೆ ಭಾರತದ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕು, ಇನ್ನೊಂದು ತಲೆನೋವು. ಇಳಿದ ದಿನ ಕಾರು ಮುಟ್ಟಬೇಡಿ. ಅವತ್ತು ಮಲಗಿ, ಮಾರನೇ ದಿನ ಕಾರು ತೆಗೆದುಕೊಳ್ಳಿ. ಟೆಕಾಪೊ 225 ಕಿ.ಮೀ., ಬಹುತೇಕ ನೆಟ್ಟಗೆ, ಇದು ಮಾಣಿ ಪಾಲು. ಅಲ್ಲಿ ಎರಡು ರಾತ್ರಿ, ಮಧ್ಯದ ದಿನ ಮೌಂಟ್ ಕುಕ್‌ಗೆ ಹೋಗಿ ಬನ್ನಿ, ಪುಕಾಕಿ ಕೆರೆಯ ದಂಡೆಯಲ್ಲೇ ರಸ್ತೆ. ಆಮೇಲೆ ವನಾಕಾ ಎರಡು ರಾತ್ರಿ. ವನಾಕಾದಿಂದ ಕ್ರೌನ್ ರೇಂಜ್ ಹತ್ತಿ ಕ್ವೀನ್ಸ್‌ಟೌನ್, 70 ಕಿ.ಮೀ., ಸಾವಿರ ಮೀಟರ್ ಮೇಲೆ ಹತ್ತಿ ಸರ್ರನೆ ಇಳಿಯುವ ಹೇರ್‌ಪಿನ್‌ಗಳು, ಇದು ತುಂಗೆದಡ ಅವರ ಪಾಲು. ಇಳಿದ ಕೂಡಲೇ ಆ್ಯರೋಟೌನ್, ಏಪ್ರಿಲ್‌ನಲ್ಲಿ ಅಲ್ಲಿ ಮರಗಳೆಲ್ಲ ಅರಿಶಿನದ ಬಣ್ಣ. ಕ್ವೀನ್ಸ್‌ಟೌನ್ ಎರಡು, ಟೆ ಅನಾವ್ ಎರಡು, ವಾಪಸ್ ಕ್ವೀನ್ಸ್‌ಟೌನ್ ಒಂದು. ಕಾರು ಅಲ್ಲೇ ಬಿಟ್ಟು ಆಕ್ಲೆಂಡ್‌ಗೆ ವಿಮಾನ, ಅಲ್ಲಿಂದ ಮನೆಗೆ. ಹತ್ತು ರಾತ್ರಿ, 1,300 ಕಿ.ಮೀ. ಒಳಗೆ. ಬೇರೆ ಊರಿನಲ್ಲಿ ಕಾರು ಬಿಡುವುದಕ್ಕೆ ಸ್ವಲ್ಪ ಜಾಸ್ತಿ ಕೇಳುತ್ತಾರೆ, ಕೊಡಿ. ಕ್ವೀನ್ಸ್‌ಟೌನ್ ಹತ್ತಿರ ಸ್ಕಿಪ್ಪರ್ಸ್ ಕಣಿವೆ ರಸ್ತೆಗೆ ಮಾತ್ರ ಬಾಡಿಗೆ ಕಾರು ಇಳಿಸಬೇಡಿ, ಅಲ್ಲಿ ಇನ್ಶೂರೆನ್ಸ್ ಇಲ್ಲ. ಪಿಕಪ್ ಓಡಿಸಿದವರಿಗೂ ಇಲ್ಲ.

ಟೆಕಾಪೊ ರಾತ್ರಿಗಳನ್ನು ಅಮಾವಾಸ್ಯೆ ಆಸುಪಾಸಿಗೆ ಇಡಿ. 2012ರಿಂದ ಅದು ಕತ್ತಲಾಕಾಶದ ಸಂರಕ್ಷಿತ ಪ್ರದೇಶ, ಬೀದಿದೀಪವೂ ತಲೆ ತಗ್ಗಿಸಿಕೊಂಡೇ ಇರುತ್ತದೆ. ಮೃಗಶಿರ ನಕ್ಷತ್ರದ ಬೇಟೆಗಾರ ತಲೆಕೆಳಗಾಗಿ ನಿಂತಿರುತ್ತಾನೆ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಅದಕ್ಕೆ ತಕ್ಕ ಹಾಗೆ ಹೊರಡಿ.

ತುಂಗೆದಡ:
ಅಮಾವಾಸ್ಯೆ ದಿನ ಹೊಸ ಜೋಡಿ ಹೊರಗೆ ಕಾಲಿಡುವುದನ್ನು ನಮ್ಮ ಅಜ್ಜಿಗೆ ಯಾರು ಹೇಳುತ್ತೀರಿ? ಕ್ರೌನ್ ರೇಂಜ್ ಒಪ್ಪಿಗೆ. ಮಿಲ್ಫರ್ಡ್ ರಸ್ತೆಯೂ ನನಗೇ.

ಬೆಣ್ಣೆದೋಸೆ:
ತಂಗಿ, ಒಂದು ಮಾತು. ಟಿಕೆಟ್, ವೀಸಾ ಎಲ್ಲ ಈಗಿನ ಪಾಸ್‌ಪೋರ್ಟ್‌ನಲ್ಲಿರುವ ಹೆಸರಲ್ಲೇ ಇರಲಿ. ಹೆಸರು ಬದಲಾಯಿಸುವುದಿದ್ದರೆ ವಾಪಸ್ ಬಂದ ಮೇಲೆ. ನನ್ನ ಗೆಳತಿ ಗಂಡನ ಹೆಸರು ಸೇರಿಸಿ ಟಿಕೆಟ್ ಮಾಡಿಸಿಕೊಂಡು ಏರ್‌ಪೋರ್ಟ್‌ನಲ್ಲಿ ಅತ್ತಿದ್ದಾಳೆ.

ತುಂಗೆದಡ:
ಬದಲಾಯಿಸುವ ಯೋಚನೆಯೇ ಇಲ್ಲ ಅಕ್ಕ. ಥ್ಯಾಂಕ್ಸ್.

ಮಲ್ನಾಡ್_ಮಾಣಿ:
ಎರಡು ತಿಂಗಳಾದ ಮೇಲೆ ಬಂದು ಬರೆಯುತ್ತಿದ್ದೇನೆ. ವೀಸಾ ಬಂತು, ಇಬ್ಬರದೂ ಬೇರೆ ಬೇರೆ ಅರ್ಜಿ ಹಾಕಿದ್ದೆವು. ಕಿವಿಹಣ್ಣು ಅವರ ರೂಟೇ ಗಟ್ಟಿ. ಸರಾಸರಿ ಹಾಕಿದರೆ ದಿನಕ್ಕೆ 130 ಕಿ.ಮೀ. ಕೂಡ ಇಲ್ಲ, ಮೊದಲು ನಾಚಿಕೆಯಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ಕಾರಿಗೆ ಮುಖ್ಯ ಡ್ರೈವರ್ ಅವಳು, ಕಾರ್ಡ್ ಅವಳದ್ದು, ವಿದೇಶಿ ವಹಿವಾಟು ಆನ್ ಮಾಡಿ ಎರಡು ಸಲ ನೋಡಿದ್ದಾಯಿತು. ಅಜ್ಜಿ ಅಮಾವಾಸ್ಯೆ ಒಪ್ಪಲಿಲ್ಲ, ಪಾಡ್ಯಕ್ಕೆ ಒಪ್ಪಿದ್ದಾರೆ. ಶೂ ತೊಳೆಯುವ ಕೆಲಸ ನನಗೆ ಬಂದಿದೆ.

ಗುರುವಾರ ಐಡಿಪಿಗೆ ಹೋಗಬೇಕು, ಇಬ್ಬರೂ. ಅವಳ ಲೈಸೆನ್ಸ್ ಕಾರ್ಡ್ ಮಾತ್ರ ಊರಿನಲ್ಲಿ, ಪಿಕಪ್‌ನ ಡ್ಯಾಶ್‌ಬೋರ್ಡ್‌ನಲ್ಲೇ ಇದೆಯಂತೆ. ಮಾವ ಇವತ್ತು ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಾರೆ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯೂ ಬರುತ್ತಿದೆ. ಕಿವಿಹಣ್ಣು ಅವರೇ, ಅದನ್ನು ಫಾರಂನಲ್ಲಿ ಏನೆಂದು ಬರೆಯಲಿ?